ಗ್ರಾಮೀಣ ಪಶುಚಿಕಿತ್ಸಾ ಕೇಂದ್ರ: ರೈತರ ವಿಶ್ವಾಸವನ್ನು ಗಳಿಸುವ ಮತ್ತು ಉಳಿಸಿಕೊಳ್ಳುವ ಕ್ರಮಗಳು

ಪೀಠಿಕೆ

ಹೈನುಗಾರಿಕೆಯು ನಮ್ಮ ರಾಜ್ಯದ ಸಣ್ಣ ಮತ್ತು ಅತಿಸಣ್ಣ ರೈತ ಕುಟುಂಬಗಳಿಗೆ ನಿಯಮಿತ ಆದಾಯ ನೀಡುವ ಕಸುಬಾಗಿದೆ. ಬೆಳೆಯ ಹಣ ವರ್ಷಕ್ಕೆ ಒಂದೆರಡು ಬಾರಿ ಕೈಸೇರಿದರೆ, ಹಾಲಿನ ಬಟವಾಡೆಯು ಸಂತೆಯ ಖರ್ಚನ್ನೂ ಮಕ್ಕಳ ಶಾಲೆಯ ಖರ್ಚನ್ನೂ ತೂಗಿಸುತ್ತದೆ. ಇಂತಹ ಮನೆಯಲ್ಲಿ ಕರೆಯುವ ಹಸುವೊಂದು ಮಲಗಿದರೆ ನಷ್ಟವು ಕೊಟ್ಟಿಗೆಗಷ್ಟೇ ಸೀಮಿತವಾಗದೆ ಇಡೀ ಸಂಸಾರಕ್ಕೆ ತಟ್ಟುತ್ತದೆ.

ಸರ್ಕಾರಿ ಪಶು ಆಸ್ಪತ್ರೆಗಳು, ಹಾಲು ಒಕ್ಕೂಟಗಳ ತುರ್ತು ಸೇವೆ ಹಾಗೂ 1962 ಸಹಾಯವಾಣಿಯ ಸಂಚಾರಿ ಪಶುಚಿಕಿತ್ಸಾ ವಾಹನಗಳ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಹೋಬಳಿ ಮಟ್ಟದಲ್ಲಿ ಖಾಸಗಿ ಪಶುಚಿಕಿತ್ಸಾ ಕೇಂದ್ರಗಳೂ ಆರಂಭವಾಗುತ್ತಿವೆ. ಇವುಗಳಲ್ಲಿ ಕೆಲವು ಬೇರೂರಿ ಬೆಳೆದರೆ, ಕೆಲವು ಎರಡು ವರ್ಷ ತುಂಬುವ ಮೊದಲೇ ಬಾಗಿಲು ಹಾಕುತ್ತವೆ. ಕೇಂದ್ರ ಮುಚ್ಚಿದಾಗ ವೈದ್ಯರಿಗೆ ಹಾಕಿದ ಬಂಡವಾಳ ನಷ್ಟವಾಗುತ್ತದೆ. ರೈತರು ಮತ್ತೆ ತರಬೇತಿಯಿಲ್ಲದವರ ಸೂಜಿಮದ್ದಿಗೆ ಕೈಯೊಡ್ಡಬೇಕಾಗುತ್ತದೆ. ಆದ್ದರಿಂದ ಇಂತಹ ಕೇಂದ್ರವು ರೈತರ ವಿಶ್ವಾಸವನ್ನು ಗಳಿಸುವ ಬಗೆ ಯಾವುದು, ಅದರಲ್ಲಿ ರೈತರ ಮತ್ತು ವಿಸ್ತರಣಾ ಕಾರ್ಯಕರ್ತರ ಪಾತ್ರವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಚೌಕಟ್ಟು

ಭಾರತೀಯ ಪಶುವೈದ್ಯ ಪರಿಷತ್ತಿನ 1984ರ ಕಾಯಿದೆಯ ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಪಶುವೈದ್ಯ ವೃತ್ತಿಯನ್ನು ನಡೆಸಬಹುದು. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಸಹಾಯಕರು ನೋಂದಾಯಿತ ವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ಕಿರು ಪಶುವೈದ್ಯ ಸೇವೆಗಳನ್ನಷ್ಟೇ ನೀಡಲು ಅವಕಾಶವಿದೆ. ವೃತ್ತಿ ನಡವಳಿಕೆಗೆ ಸಂಬಂಧಿಸಿದ 1992ರ ನಿಯಮಾವಳಿಯು ಜಾಹೀರಾತಿನ ಮೂಲಕ ಗಿರಾಕಿಗಳನ್ನು ಸೆಳೆಯುವುದನ್ನು ಒಪ್ಪುವುದಿಲ್ಲ. ಆದುದರಿಂದ ಈ ವೃತ್ತಿಯಲ್ಲಿ ಪ್ರಚಾರವೆಂದರೆ ಗೋಡೆಬರಹವಾಗಲಿ, ಧ್ವನಿವರ್ಧಕವಾಗಲಿ ಅಲ್ಲ. ವಾಸಿಯಾದ ಹಸುವಿನ ಯಜಮಾನರು ಹಾಲಿನ ಡೇರಿಯ ಮುಂದೆ ಆಡುವ ಮಾತೇ ನಿಜವಾದ ಪ್ರಚಾರ.

ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರಗಳ ಕೇಂದ್ರ ಯೋಜನೆಯು 2002ರಿಂದ ಜಾರಿಯಲ್ಲಿದ್ದು, ಪಶುವೈದ್ಯ ಪದವೀಧರರೂ ಇದರ ಪ್ರಯೋಜನ ಪಡೆಯಬಹುದು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯ ಮೂಲಕ 45 ದಿನಗಳ ತರಬೇತಿ ಹಾಗೂ ನಬಾರ್ಡ್ ಮೂಲಕ ಬ್ಯಾಂಕ್ ಸಾಲಕ್ಕೆ ಸಹಾಯಧನದ ವ್ಯವಸ್ಥೆ ಇದರಲ್ಲಿದೆ. ಅರ್ಜಿ ಸಲ್ಲಿಸುವ ಮುನ್ನ ಚಾಲ್ತಿಯಲ್ಲಿರುವ ಮಾರ್ಗಸೂಚಿಯನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ.

ವಿಶ್ವಾಸ ಹುಟ್ಟುವ ಬಗೆ: ಒಂದು ಅನುಭವ

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಹಳ್ಳಿಯೊಂದರಲ್ಲಿ ನಾನು ಮೇವಿನ ಜೋಳದ ಪ್ರಾತ್ಯಕ್ಷಿಕೆ ಕೈಗೊಂಡಿದ್ದೆ. ಬಿತ್ತನೆ, ಗೊಬ್ಬರ, ಕಟಾವಿನ ಎತ್ತರ ಎಲ್ಲವನ್ನೂ ವಿವರಿಸಿದ್ದೆ. ಆದರೆ ಕೂಳೆ ಚಿಗುರಿನಲ್ಲಿರುವ ವಿಷದ ಬಗ್ಗೆ ಒತ್ತಿ ಹೇಳಿರಲಿಲ್ಲ. ಮೊದಲ ಕಟಾವಿನ ನಂತರ ಮಳೆ ಕೈಕೊಟ್ಟಿತು. ಬಾಡಿದ ಕೂಳೆಯ ಎಳೆಚಿಗುರನ್ನು ಮೇಯ್ದ ಹಸುವೊಂದು ಸ್ವಲ್ಪ ಹೊತ್ತಿನಲ್ಲೇ ಉಸಿರಾಟಕ್ಕೆ ತಿಣುಕಿ ನೆಲಕ್ಕುರುಳಿತು. ಹತ್ತಿರದ ಪಟ್ಟಣದಲ್ಲಿ ಆಗತಾನೇ ಕೇಂದ್ರ ತೆರೆದಿದ್ದ ಯುವ ಪಶುವೈದ್ಯರು ತಲುಪುವಷ್ಟರಲ್ಲಿ ಹಸು ಸತ್ತಿತ್ತು.

ಆ ವೈದ್ಯರು ಶುಲ್ಕ ಪಡೆಯಲಿಲ್ಲ, ಹಿಂದಿರುಗಿಯೂ ಹೋಗಲಿಲ್ಲ. ಮನೆಯವರ ಜೊತೆ ಕುಳಿತು, ಎಳೆಯ ಜೋಳದಲ್ಲಿ ಉತ್ಪತ್ತಿಯಾಗುವ ಹೈಡ್ರೋಸಯಾನಿಕ್ ಆಮ್ಲವು ಸಾವಿಗೆ ಕಾರಣವೆಂದು ತಿಳಿಸಿದರು. ಬೇಗ ಕರೆ ಬಂದಿದ್ದರೆ ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದಿನಿಂದ ಉಳಿಸುವ ಸಾಧ್ಯತೆ ಇತ್ತೆಂದೂ, ಖಚಿತವಾಗಿ ಉಳಿಯುತ್ತಿತ್ತೆಂದು ಹೇಳಲಾಗದೆಂದೂ ಮುಚ್ಚುಮರೆಯಿಲ್ಲದೆ ವಿವರಿಸಿದರು. ಅದೇ ಸಂಜೆ ಪ್ರಾತ್ಯಕ್ಷಿಕೆಯಲ್ಲಿ ಪಾಲ್ಗೊಂಡಿದ್ದ ಉಳಿದ ರೈತರ ಮನೆಮನೆಗೆ ಹೋಗಿ ಎಚ್ಚರಿಕೆ ನೀಡಿದರು. ಮರುದಿನ ನಾನು ಹೋದಾಗ ನನ್ನ ಲೋಪವನ್ನು ಆ ಹಿರಿಯ ರೈತರ ಮುಂದೆ ಒಪ್ಪಿಕೊಂಡೆ. ಅವರು ಹೇಳಿದ್ದು ಒಂದೇ ಮಾತು: "ಹಸ ಹೋಯ್ತು ಸಾರ್, ಆದ್ರೆ ಡಾಕ್ಟ್ರು ಸಿಕ್ಕಿದ್ರು." ಆ ಹಳ್ಳಿಯ ರೈತರು ಇಂದಿಗೂ ಅದೇ ಕೇಂದ್ರಕ್ಕೆ ಹೋಗುತ್ತಾರೆ.

ಅಂದಿನಿಂದ ಮೇವಿನ ಜೋಳದ ಬಗ್ಗೆ ನಾನು ಮೊದಲು ಹೇಳುವ ಮಾತು ಇದು: ಎಳೆಯ ಬೆಳೆಯನ್ನು, ವಿಶೇಷವಾಗಿ ಬರದಿಂದ ಬಾಡಿದ ಬೆಳೆಯನ್ನು ಮತ್ತು ಕೂಳೆ ಚಿಗುರನ್ನು ಮೇಯಿಸಬಾರದು. ಶೇ. 50ರಷ್ಟು ತೆನೆ ಹೂವಾಡುವ ಹಂತದಲ್ಲಿ ಕಟಾವು ಮಾಡಿ ತಿನ್ನಿಸುವುದು ಸುರಕ್ಷಿತ.

ಕೇಂದ್ರವು ಅನುಸರಿಸಬೇಕಾದ ಕ್ರಮಗಳು

1. ಕರೆಗೆ ಸ್ಪಂದನೆ: ಸಾಧ್ಯವಾದಷ್ಟು ಮಟ್ಟಿಗೆ ಪ್ರತಿ ಕರೆಯನ್ನೂ ಸ್ವೀಕರಿಸಬೇಕು. ಬರಲಾಗದಿದ್ದಲ್ಲಿ ಆ ಕೂಡಲೇ ತಿಳಿಸಿ, ಸರ್ಕಾರಿ ಆಸ್ಪತ್ರೆ ಅಥವಾ 1962ಕ್ಕೆ ಕರೆ ಮಾಡಲು ಸೂಚಿಸಬೇಕು. "ಬರುತ್ತೇನೆ" ಎಂದು ಹೇಳಿ ಬಾರದಿರುವುದು ರೈತರ ಅಮೂಲ್ಯ ಸಮಯವನ್ನು ಹಾಳುಮಾಡುತ್ತದೆ. ಕರು ಅಡ್ಡ ಸಿಕ್ಕಿಕೊಂಡಾಗ, ಹೊಟ್ಟೆಯುಬ್ಬರವಾದಾಗ ಒಂದು ಗಂಟೆಯ ವಿಳಂಬವೂ ಪ್ರಾಣಕ್ಕೆ ಎರವಾಗಬಹುದು.

2. ಶುಲ್ಕದ ಪಾರದರ್ಶಕತೆ: ಭೇಟಿ, ಕೃತಕ ಗರ್ಭಧಾರಣೆ, ಗರ್ಭಪರೀಕ್ಷೆ ಮುಂತಾದವುಗಳ ದರವನ್ನು ಕೇಂದ್ರದಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ನೋಂದಣಿ ಸಂಖ್ಯೆಯನ್ನೂ ಪ್ರದರ್ಶಿಸಬೇಕು. ಔಷಧಿಯ ಬೆಲೆ ಮತ್ತು ಸೇವಾ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸಿ ರಸೀದಿ ನೀಡಬೇಕು. ಉದ್ದರಿ ಕೊಡಲೇಬೇಕಾದಲ್ಲಿ ಬಟವಾಡೆಯ ದಿನಕ್ಕೆ ಗಡುವು ನಿಗದಿಪಡಿಸಿ ಬರೆದಿಡುವುದು ಇಬ್ಬರಿಗೂ ಒಳ್ಳೆಯದು. ಬಾಯಿಮಾತಿನ ಬಾಕಿಯಿಂದ ಹಣದ ಜೊತೆಗೆ ಸಂಬಂಧವೂ ಕೆಡುತ್ತದೆ.

3. ಉಚಿತ ಸೇವೆಯ ಮಾಹಿತಿ: ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮವು 2019ರಲ್ಲಿ ಆರಂಭವಾಗಿದ್ದು, ಕಾಲುಬಾಯಿ ಜ್ವರ ಮತ್ತು ಕಂದು ರೋಗದ ಲಸಿಕೆಗಳನ್ನು ಇದರಡಿ ಉಚಿತವಾಗಿ ಹಾಕಲಾಗುತ್ತದೆ. ಇಂತಹ ಲಸಿಕೆಯ ದಿನಾಂಕವನ್ನು ಖಾಸಗಿ ವೈದ್ಯರೇ ತಮ್ಮ ರೈತರಿಗೆ ತಿಳಿಸಬೇಕು. ಒಂದು ದಿನದ ಶುಲ್ಕ ತಪ್ಪಬಹುದು. ಆದರೆ ತಮ್ಮ ಹಿತ ಬಯಸುವ ವೈದ್ಯರೆಂಬ ನಂಬಿಕೆ ರೈತರಲ್ಲಿ ಬಹುಕಾಲ ಉಳಿಯುತ್ತದೆ.

4. ಪ್ರತಿ ರಾಸಿಗೊಂದು ಆರೋಗ್ಯ ಚೀಟಿ: ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಕರು ಹಾಕಿದ ದಿನ, ಬೆದೆಗೆ ಬಂದ ದಿನ, ಗರ್ಭಧಾರಣೆಯ ದಿನ, ಲಸಿಕೆ, ಜಂತುಹುಳು ಔಷಧಿ ಮತ್ತು ನೀಡಿದ ಚಿಕಿತ್ಸೆಯನ್ನು ಇದರಲ್ಲಿ ದಾಖಲಿಸಬೇಕು. ಒಂದು ಪ್ರತಿ ರೈತರ ಬಳಿ, ಇನ್ನೊಂದು ಕೇಂದ್ರದಲ್ಲಿ ಇರಲಿ.

5. ನೆನಪಿಸುವ ಕರೆ: ಹಸು ಮತ್ತು ಎಮ್ಮೆಗಳು ಸರಾಸರಿ 21 ದಿನಗಳಿಗೊಮ್ಮೆ ಬೆದೆಗೆ ಬರುತ್ತವೆ. ಗರ್ಭಧಾರಣೆಯಾದ 18ರಿಂದ 24ನೇ ದಿನದೊಳಗೆ ಗಮನಿಸಲು ಹಾಗೂ ಎರಡರಿಂದ ಮೂರು ತಿಂಗಳಲ್ಲಿ ಗರ್ಭಪರೀಕ್ಷೆ ಮಾಡಿಸಲು ಕೇಂದ್ರದಿಂದಲೇ ಕರೆ ಹೋಗಬೇಕು. ಮೇವು ಮತ್ತು ಹಿಂಡಿಗೆ ದಿನಕ್ಕೆ 150 ರೂಪಾಯಿ ಎಂದು ಲೆಕ್ಕ ಹಿಡಿದರೂ, ಒಂದು ಬೆದೆ ಕೈತಪ್ಪಿದರೆ 21 ದಿನಕ್ಕೆ 3,150 ರೂಪಾಯಿ ವ್ಯರ್ಥವಾಗುತ್ತದೆ. ಎರಡು ನಿಮಿಷದ ಕರೆಯಿಂದ ಇದು ಉಳಿಯುವುದಾದರೆ ರೈತರು ಆ ಕೇಂದ್ರವನ್ನು ಬಿಟ್ಟು ಬೇರೆಡೆ ಹೋಗಲಾರರು.

6. ಔಷಧಿಯಲ್ಲಿ ಸಂಯಮ: ಅಗತ್ಯವಿಲ್ಲದ ಚುಚ್ಚುಮದ್ದನ್ನು ರೈತರು ಒತ್ತಾಯಿಸಿದರೂ ನೀಡಬಾರದು. ಕೆಚ್ಚಲು ಬಾವಿಗೆ ಪ್ರತಿಜೀವಕ ನೀಡಿದಾಗ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದು ಎಂಬುದನ್ನು ಔಷಧಿಯ ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ನೋವು ನಿವಾರಕ ಡೈಕ್ಲೋಫೆನಾಕನ್ನು ಪಶುಗಳಿಗೆ ಬಳಸುವುದನ್ನು 2006ರಲ್ಲಿ, ಕೀಟೋಪ್ರೊಫೇನ್ ಮತ್ತು ಅಸಿಕ್ಲೋಫೆನಾಕನ್ನು 2023ರಲ್ಲಿ ನಿಷೇಧಿಸಲಾಗಿದೆ. ಇವುಗಳನ್ನು ಪಡೆದು ಸತ್ತ ರಾಸುಗಳನ್ನು ತಿಂದ ರಣಹದ್ದುಗಳು ಸಾಯುವುದೇ ಇದಕ್ಕೆ ಕಾರಣ.

7. ಶೀತಲ ಸರಪಳಿ: ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಸಂಗ್ರಹಿಸಬೇಕು. ವೀರ್ಯ ಕಡ್ಡಿಗಳು ಸದಾ ದ್ರವ ಸಾರಜನಕದಲ್ಲಿ ಮುಳುಗಿರಬೇಕು. ವಿದ್ಯುತ್ ಕಡಿತದ ದಿನಗಳಲ್ಲಿ ಈ ಬಗ್ಗೆ ಉದಾಸೀನ ತೋರಿದರೆ, ಲಸಿಕೆ ಹಾಕಿಸಿದರೂ ರೋಗ ಬಂತೆಂಬ ಅಪವಾದ ಕೇಂದ್ರಕ್ಕೆ ಅಂಟಿಕೊಳ್ಳುತ್ತದೆ.

8. ಮೇವಿನ ಸಲಹೆ: ಬಹಳಷ್ಟು ತೊಂದರೆಗಳ ಮೂಲ ಗೋದಲಿಯಲ್ಲಿರುತ್ತದೆ. ಖನಿಜ ಮಿಶ್ರಣದ ಬಳಕೆ, ಏಕದಳ ಮತ್ತು ದ್ವಿದಳ ಮೇವಿನ ಸಮತೋಲನ, ಒಣಹುಲ್ಲಿಗೆ ಯೂರಿಯಾ ಉಪಚಾರ, ರಸಮೇವು ತಯಾರಿಕೆ ಇವುಗಳ ಬಗ್ಗೆ ಪ್ರತಿ ಭೇಟಿಯಲ್ಲೂ ಒಂದು ಮಾತು ಹೇಳಬೇಕು. ಇದಕ್ಕೆ ಸಮೀಪದ ಕೃಷಿ ವಿಜ್ಞಾನ ಕೇಂದ್ರದ ನೆರವು ಪಡೆಯಬಹುದು.

ಋತುವಿಗೆ ತಕ್ಕ ಕಾರ್ಯಸೂಚಿ

ಏಪ್ರಿಲ್-ಮೇ: ಮಳೆಗಾಲಕ್ಕೆ ಮುನ್ನ ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆ, ಕುರಿ-ಮೇಕೆಗಳಿಗೆ ಕರುಳುಬೇನೆ ಲಸಿಕೆ.

ಜೂನ್-ಆಗಸ್ಟ್: ಜಂತುಹುಳು ನಿವಾರಣೆ, ಉಣ್ಣೆ ಮತ್ತು ನೊಣಗಳ ನಿಯಂತ್ರಣ, ಕೊಟ್ಟಿಗೆಯ ನೆಲ ಒಣಗಿರುವಂತೆ ಎಚ್ಚರ, ಎಳೆ ಜೋಳದ ಬಗ್ಗೆ ಮುನ್ನೆಚ್ಚರಿಕೆ.

ಸೆಪ್ಟೆಂಬರ್-ನವೆಂಬರ್: ಹೆಚ್ಚುವರಿ ಹಸಿರು ಮೇವಿನಿಂದ ರಸಮೇವು ತಯಾರಿಕೆ.

ಡಿಸೆಂಬರ್-ಮಾರ್ಚ್: ಒಣಮೇವಿನ ಸಂಗ್ರಹ ಮತ್ತು ಉಪಚಾರ, ಬರಡು ರಾಸುಗಳ ತಪಾಸಣಾ ಶಿಬಿರ.

ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ, ಕಂದು ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಮಾತ್ರ ಹಾಕಿಸಬೇಕು. ಈ ಕಾರ್ಯಸೂಚಿಯನ್ನು ಹಾಲು ಉತ್ಪಾದಕರ ಸಹಕಾರ ಸಂಘದ ಫಲಕದಲ್ಲಿ ಅಂಟಿಸಿದರೆ ದಿನಕ್ಕೆರಡು ಬಾರಿ ಅಲ್ಲಿಗೆ ಬರುವ ಎಲ್ಲರ ಕಣ್ಣಿಗೂ ಬೀಳುತ್ತದೆ.

ರೈತ ಬಾಂಧವರು ಗಮನಿಸಬೇಕಾದ ಅಂಶಗಳು

ವಿಶ್ವಾಸವೆಂಬುದು ಒಂದೇ ಕಡೆಯಿಂದ ಬೆಳೆಯುವುದಿಲ್ಲ. ತಾವು ಈ ಕೆಳಗಿನ ಅಂಶಗಳನ್ನು ಪಾಲಿಸಿದಲ್ಲಿ ಒಳ್ಳೆಯ ವೈದ್ಯರು ತಮ್ಮ ಊರಿನ ಸಮೀಪದಲ್ಲೇ ಉಳಿಯುತ್ತಾರೆ.

• ಮೇವು ಬಿಟ್ಟ ಮೊದಲ ಹೊತ್ತಿನಲ್ಲೇ ಕರೆ ಮಾಡಿ. ನಾಟಿ ಮದ್ದು, ಪರಿಚಯದವರ ಸೂಜಿಮದ್ದು ಎಲ್ಲ ಮುಗಿದ ಮೂರನೆಯ ದಿನ ಕರೆಸಿದರೆ ಯಾವ ವೈದ್ಯರಿಗೂ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

• ರಾಸಿನ ವಯಸ್ಸು, ಕರು ಹಾಕಿದ ದಿನ, ತಿಂದ ಮೇವು, ಸಗಣಿ ಮತ್ತು ಮೂತ್ರದ ಸ್ಥಿತಿ, ಹಾಲಿನ ಇಳಿಕೆ ಇವನ್ನು ಫೋನಿನಲ್ಲೇ ತಿಳಿಸಿ. ವೈದ್ಯರು ತಕ್ಕ ಔಷಧಿಯೊಂದಿಗೆ ಬರಲು ಇದರಿಂದ ಸಾಧ್ಯವಾಗುತ್ತದೆ.

• ಮೊದಲೇ ಬೇರೆಯವರಿಂದ ಔಷಧಿ ಕೊಡಿಸಿದ್ದರೆ ಸಂಕೋಚಪಡದೆ ಹೇಳಿ. ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

• ಬೆದೆಯು ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ.

• ವೈದ್ಯರು ಬರುವ ವೇಳೆಗೆ ರಾಸನ್ನು ಕಟ್ಟಿ, ನೀರು ಮತ್ತು ಸೋಪು ಸಿದ್ಧವಿಡಿ.

• ನಿಗದಿತ ಅವಧಿ ಮುಗಿಯುವವರೆಗೆ ಔಷಧಿ ಕೊಟ್ಟ ರಾಸಿನ ಹಾಲನ್ನು ಡೇರಿಗೆ ಹಾಕಬೇಡಿ.

ವಿಸ್ತರಣಾ ಕಾರ್ಯಕರ್ತರ ಪಾತ್ರ

ವಿಸ್ತರಣಾ ಕಾರ್ಯಕರ್ತರು ಯಾವುದೇ ಒಂದು ಖಾಸಗಿ ಕೇಂದ್ರದ ಪರವಾಗಿ ಮಾತನಾಡುವುದು ಸರಿಯಲ್ಲ. ಬದಲಿಗೆ ವ್ಯಾಪ್ತಿಯ ಎಲ್ಲ ನೋಂದಾಯಿತ ವೈದ್ಯರ ಪಟ್ಟಿಯನ್ನು ಪಂಚಾಯಿತಿ ಮತ್ತು ಹಾಲು ಸಂಘಗಳಿಗೆ ಒದಗಿಸಬಹುದು. ಕ್ಷೇತ್ರೋತ್ಸವ, ಕರು ಪ್ರದರ್ಶನ ಮತ್ತು ಬರಡು ರಾಸು ಶಿಬಿರಗಳಿಗೆ ಪಶುವೈದ್ಯರನ್ನು ಸಂಪನ್ಮೂಲ ವ್ಯಕ್ತಿಗಳಾಗಿ ಆಹ್ವಾನಿಸುವುದು ಉಪಯುಕ್ತ. ಕೊಟ್ಟಿಗೆಯ ದೈನಂದಿನ ಕೆಲಸವನ್ನು ಬಹುಪಾಲು ನಿಭಾಯಿಸುವವರು ಮಹಿಳೆಯರಾದ್ದರಿಂದ ಸಭೆಗಳನ್ನು ಅವರಿಗೆ ಬಿಡುವಾಗುವ ವೇಳೆಯಲ್ಲಿ, ಸ್ವಸಹಾಯ ಸಂಘಗಳ ಮೂಲಕ ಏರ್ಪಡಿಸಬೇಕು. ಹೊಸ ಮೇವಿನ ತಳಿಯನ್ನು ಪರಿಚಯಿಸುವಾಗ ಅದರ ಇಳುವರಿಯಷ್ಟೇ ಸ್ಪಷ್ಟವಾಗಿ ಅದರ ಅಪಾಯವನ್ನೂ ತಿಳಿಸಬೇಕು. ಈ ಪಾಠವನ್ನು ನಾನು ಕಲಿತದ್ದು ಒಬ್ಬ ರೈತರ ಹಸುವಿನ ಬೆಲೆ ತೆತ್ತು.

ಕೊನೆಯ ಮಾತು

ಚಿಕಿತ್ಸೆ ಫಲಿಸಿದಾಗ ದೊರೆಯುವ ಮೆಚ್ಚುಗೆ ಸಹಜ. ಚಿಕಿತ್ಸೆ ಫಲಿಸದಿದ್ದಾಗಲೂ ರೈತರು ಅದೇ ವೈದ್ಯರನ್ನು ಮತ್ತೆ ಕರೆಸುತ್ತಾರೆಯೇ ಎಂಬುದು ವಿಶ್ವಾಸದ ಅಳತೆಗೋಲು. ಸಕಾಲದ ಸ್ಪಂದನೆ, ಸ್ಪಷ್ಟವಾದ ಲೆಕ್ಕ, ದಾಖಲೆ ಮತ್ತು ಸತ್ಯವಾದ ಮಾತು ಇವಿಷ್ಟಿದ್ದರೆ ಕೇಂದ್ರವು ತಾನಾಗಿಯೇ ಬೆಳೆಯುತ್ತದೆ. ರೈತ ಬಾಂಧವರು ತಮ್ಮ ಸಮೀಪದ ನೋಂದಾಯಿತ ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಇಂದೇ ಕೊಟ್ಟಿಗೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು. ಅದರ ಪಕ್ಕದಲ್ಲಿ 1962 ಎಂಬುದೂ ಇರಲಿ.