ಮಾನಸಿಕ ಆರೋಗ್ಯ: ಜಿಲ್ಲೆಯಿಂದ ಪಂಚಾಯಿತಿಗೆ ಎಷ್ಟು ದೂರ?

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಆರೋಗ್ಯ ಸೇವೆಗಳ ಕುರಿತ ಭೋರ್ ಸಮಿತಿ ವರದಿ ಕೊಟ್ಟಾಗ ಇಡೀ ದೇಶದ ಮಾನಸಿಕ ರೋಗಿಗಳಿಗೆ ಇದ್ದದ್ದು ಹತ್ತು ಸಾವಿರದಷ್ಟು ಹಾಸಿಗೆ. ಮುಂದೆ ಬಹುಕಾಲ ಯೋಜನೆ ಎಂದರೆ ಹಾಸಿಗೆ ಹೆಚ್ಚಿಸುವುದು ಎಂದೇ ಆಯಿತು. ಅಮೃತಸರದಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ, ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡದ್ದು ಆ ಕಾಲಕ್ಕೆ ದೊಡ್ಡ ಧೈರ್ಯ.

ನಿಜವಾದ ತಿರುವು ಬಂದದ್ದು 1975ರಲ್ಲಿ. ನಿಮ್ಹಾನ್ಸ್ ಸಮುದಾಯ ಮನೋವೈದ್ಯಕೀಯ ಘಟಕ ತೆರೆದು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೆಲಸಕ್ಕಿಳಿಯಿತು. ಚಂಡೀಗಢದ ವೈದ್ಯರು ಹರಿಯಾಣದ ರಾಯಪುರ್ ರಾಣಿಯಲ್ಲಿ ಇಂಥದೇ ಪ್ರಯೋಗ ನಡೆಸಿದರು. ಅಲ್ಪಾವಧಿಯ ತರಬೇತಿ ಸಿಕ್ಕರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮೂರ್ಛೆರೋಗವನ್ನೂ ತೀವ್ರ ಮನೋರೋಗವನ್ನೂ ನಿಭಾಯಿಸಬಲ್ಲರು ಎಂಬುದು ಎರಡೂ ಕಡೆ ಕಂಡಿತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರುವುದು ಈ ತಳಹದಿಯ ಮೇಲೆ.

ಆದರೆ ಒಂದು ಘಟಕದಲ್ಲಿ ಆದದ್ದು ಜಿಲ್ಲೆಯಲ್ಲಿ ಆದೀತೇ? 1985ರಲ್ಲಿ ಅವಿಭಜಿತ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡದ್ದು ಈ ಪ್ರಶ್ನೆಗಾಗಿ. ಅಲ್ಲಿ ಹೊಸ ಆಸ್ಪತ್ರೆ ಕಟ್ಟಲಿಲ್ಲ. ಇದ್ದ ವೈದ್ಯರಿಗೆ, ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಆಯ್ದ ಕೆಲವೇ ಔಷಧಿಗಳು ಕೇಂದ್ರದಲ್ಲಿ ಸದಾ ಸಿಗುವಂತೆ ನೋಡಿಕೊಂಡರು. ಸರಳ ದಾಖಲೆ ಇಟ್ಟರು. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ಬೆಂಬಲ ಒದಗಿಸಿದರು. ನನ್ನ ಮಟ್ಟಿಗೆ ಬಳ್ಳಾರಿಯ ಪಾಠ ವೈದ್ಯಕೀಯದ್ದಕ್ಕಿಂತ ಆಡಳಿತದ್ದು: ಮಾತ್ರೆ ತಪ್ಪದೆ ಬರಬೇಕು, ಕೆಲಸವನ್ನು ಯಾರಾದರೂ ತಿಂಗಳು ತಿಂಗಳು ವಿಚಾರಿಸಬೇಕು. 1996ರಲ್ಲಿ ಇದೇ ಮಾದರಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹೋಯಿತು. ವಿಚಿತ್ರವೆಂದರೆ, ಮೊದಲು ಆರಿಸಿದ ನಾಲ್ಕು ಜಿಲ್ಲೆಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ.

2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿ ಬಿಗಿಸಿಕೊಂಡಿದ್ದ 28 ಮಂದಿ ಮಾನಸಿಕ ರೋಗಿಗಳು ಬೆಂಕಿಗೆ ಬಲಿಯಾದರು. ಹಕ್ಕಿನ ಮಾತು ಬಲವಾದದ್ದು ಆಮೇಲೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕಾಗಿಸಿತು. ನಮ್ಮಲ್ಲಿ ಮನೋಚೈತನ್ಯ ಯೋಜನೆ ಮಂಗಳವಾರದ ಕ್ಲಿನಿಕ್ಕನ್ನು ತಾಲ್ಲೂಕು ಆಸ್ಪತ್ರೆಗೆ ತಂದಿತು. 2022ರಿಂದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯೂ ಇದೆ. ಆದರೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92 ಮಂದಿ ಚಿಕಿತ್ಸೆಯಿಂದ ಹೊರಗಿದ್ದರು.

ಅಂಗವೈಕಲ್ಯದ ಸೇವೆ ಬೇರೆ ದಾರಿಯಲ್ಲಿ ಬೆಳೆಯಿತು. ಮಾನಸಿಕ ಕಾಯಿಲೆ 1995ರ ಅಂಗವಿಕಲರ ಕಾಯ್ದೆಯಲ್ಲೇ ವೈಕಲ್ಯಗಳ ಪಟ್ಟಿಯಲ್ಲಿತ್ತು. 2016ರ ಕಾಯ್ದೆ ಆ ಪಟ್ಟಿಯನ್ನು 7ರಿಂದ 21ಕ್ಕೆ ಹಿಗ್ಗಿಸಿತು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಸ್ವತಃ ಅಂಗವಿಕಲರಾದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ 5 ಅಂಗವಿಕಲರಿಗೆ ಮೀಸಲು. ಯೋಜನೆಗೆ ಬೇಕಾದ ಮನುಷ್ಯ, ದುಡ್ಡು ಎರಡೂ ಊರಲ್ಲೇ ಇದ್ದಂತಾಯಿತು.

ಕೊರತೆ ಹೊಂದಾಣಿಕೆಯದು. ಮಾತ್ರೆ ಒಂದು ಇಲಾಖೆಯದು, ಮಾಸಾಶನ ಇನ್ನೊಂದರದು, ಗುರುತಿನ ಚೀಟಿ ಮತ್ತೊಂದರದು. ಸ್ಕಿಜೋಫ್ರೇನಿಯಾ ಇರುವ ಮಗನ ತಾಯಿಗೆ ಈ ಮೂರೂ ಬೇಕು, ಅಲೆಯುವವಳು ಅವಳೊಬ್ಬಳೇ. ಶೇ 5ರ ಹಣದಲ್ಲಿ ತ್ರಿಚಕ್ರ ವಾಹನ ಹಂಚುವುದು ಸುಲಭ, ಕಣ್ಣಿಗೂ ಕಾಣುತ್ತದೆ. ಮಂಗಳವಾರ ತಾಲ್ಲೂಕಿಗೆ ಹೋಗಿಬರುವ ಬಸ್ ಚಾರ್ಜು ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಂದಿನ ಗ್ರಾಮಸಭೆಗೆ ಹೋದಾಗ ಓದುಗರು ಎರಡು ಪ್ರಶ್ನೆ ಕೇಳಲಿ: ಆ ಶೇ 5ರ ಕ್ರಿಯಾಯೋಜನೆ ಎಲ್ಲಿದೆ? ಅದರಲ್ಲಿ ಮಾನಸಿಕ ಕಾಯಿಲೆಯವರ ಹೆಸರು ಎಷ್ಟಿದೆ?