ಸಿಡ್ನಿ, ಮೆಲ್ಬರ್ನ್ ದೂರವಾಣಿ ಸಂಕೇತಗಳ ಚರಿತ್ರೆ
(ಅತಿಥಿ ಉಪನ್ಯಾಸದ ಪಠ್ಯ)



ಅರಸುಮನೆತನಗಳ ಚರಿತ್ರೆಯನ್ನು ಓದಿ ಬೆಳೆದ ನಮಗೆ, ದೂರವಾಣಿಯ ಅಂಕಿಗಳಿಗೂ ಒಂದು ಚರಿತ್ರೆಯುಂಟೆಂದರೆ ವಿಚಿತ್ರವೆನಿಸಬಹುದು. ಆದರೆ ಪರದೇಶದಲ್ಲಿ ನೆಲೆಸಿದ ನಮಗೂ ನಮ್ಮ ಊರಿಗೂ ಇದ್ದ ನಂಟು ಬಹುಕಾಲ ಕೆಲವು ಅಂಕಿಗಳನ್ನೇ ನೆಚ್ಚಿಕೊಂಡಿತ್ತು.

ಬೆಲ್ ಅವರು ದೂರವಾಣಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ನಾಲ್ಕೇ ವರ್ಷಗಳಲ್ಲಿ, ಅಂದರೆ 1880ರಲ್ಲಿ, ಆಸ್ಟ್ರೇಲಿಯದ ಮೊದಲ ದೂರವಾಣಿ ವಿನಿಮಯ ಕೇಂದ್ರ ಮೆಲ್ಬರ್ನಿನಲ್ಲಿ ಆರಂಭವಾಯಿತು. ಆಗ ಸಂಪರ್ಕ ಕೊಡಿಸುತ್ತಿದ್ದವರು ಆಪರೇಟರುಗಳು. ಸ್ವಯಂಚಾಲಿತ ಕೇಂದ್ರಗಳು ಬಂದ ಬಳಿಕ ಈ ನಗರಗಳ ಸಂಖ್ಯೆಗಳು ಇಂಗ್ಲಿಷ್ ಅಕ್ಷರಗಳಿಂದ ಮೊದಲಾಗುತ್ತಿದ್ದವು. ಡಯಲಿನ ಮೇಲೆ ಎ ಎಂದರೆ 1, ಬಿ ಎಂದರೆ 2, ಎಫ್ ಎಂದರೆ 3. ಕೊನೆಯ ವೈ ಎಂದರೆ 0. 1960ರ ದಶಕದಲ್ಲಿ ಅಕ್ಷರಗಳು ಹಿಂದೆ ಸರಿದು ಅಂಕಿಗಳು ಮಾತ್ರ ಉಳಿದವು. ಊರೂರುಗಳ ನಡುವೆ ನೇರ ಡಯಲಿಂಗ್ ಹರಡಿದಂತೆ ಸಿಡ್ನಿಗೆ 02, ಮೆಲ್ಬರ್ನಿಗೆ 03 ಗುರುತಾದವು.

ಸಣ್ಣ ಊರುಗಳಿಗೂ ಪ್ರತ್ಯೇಕ ಸಂಕೇತಗಳಿದ್ದುದರಿಂದ ದೇಶದಲ್ಲಿ ಒಟ್ಟು 54 ಸಂಕೇತಗಳಾಗಿದ್ದವು. ಅಷ್ಟರಲ್ಲಿ ಫ್ಯಾಕ್ಸ್, ಮೋಡೆಮ್‌ಗಳ ಬಳಕೆ ಹೆಚ್ಚಿತು, ಹೊಸ ಕಂಪನಿಗಳೂ ಬಂದವು. ಇದ್ದ ಸಂಖ್ಯೆಗಳು ಸಾಲದಾದವು. 1994ರಿಂದ 1998ರವರೆಗೆ ನಡೆದ ಮಾರ್ಪಾಡಿನಲ್ಲಿ 54 ಸಂಕೇತಗಳು ನಾಲ್ಕಕ್ಕಿಳಿದವು. ಕ್ಯಾನ್‌ಬರಾ ತನ್ನ 06 ಕಳೆದುಕೊಂಡು ಸಿಡ್ನಿಯ 02ರಲ್ಲಿ ಸೇರಿತು. ಟಾಸ್ಮೇನಿಯ ಮೆಲ್ಬರ್ನಿನ 03ರಲ್ಲಿ ಸೇರಿತು. ಎರಡು ಮಹಾನಗರಗಳಲ್ಲಿಯೂ ಏಳು ಅಂಕಿಗಳ ಮುಂದೆ 9 ಸೇರಿ ಎಂಟಾಯಿತು. ಹಳೆಯ ಸಂಖ್ಯೆಯನ್ನು ಅಳಿಸದೆ ಅದರ ಮುಂದೆಯೇ ಒಂದು ಅಂಕಿಯನ್ನು ಇಟ್ಟದ್ದು ಜಾಣತನವೇ ಸರಿ.

ಆದರೆ ಆ ಒಂದು ಅಂಕಿ ನಮ್ಮ ಮನೆಯಲ್ಲಿ ಮಾಡಿದ ಕೆಲಸವನ್ನು ಹೇಳಲೇಬೇಕು. ಹೊಸ ಸಂಖ್ಯೆಯನ್ನು ತಿಳಿಸಿ ನಾವು ಬರೆದ ಕಾಗದ ಊರನ್ನು ಮುಟ್ಟುವ ಮೊದಲೇ ತಂದೆಯವರು ಆಸ್ಪತ್ರೆ ಸೇರಿದರು. ತಾಯಿಯವರು ಎಸ್.ಟಿ.ಡಿ. ಬೂತಿಗೆ ಹೋಗಿ ಹಳೆಯ ಸಂಖ್ಯೆಗೇ ಕರೆ ಮಾಡಿಸಿದರು. ಕೇಳಿಬಂದದ್ದು ಧ್ವನಿಮುದ್ರಿತ ಇಂಗ್ಲಿಷ್ ಪ್ರಕಟಣೆ. ಯಾರೋ ಉತ್ತರಿಸುತ್ತಿದ್ದಾರೆಂದು ಭಾವಿಸಿ ಅವರು ಕನ್ನಡದಲ್ಲಿಯೇ ವಿಷಯವನ್ನೆಲ್ಲ ಹೇಳಿ, ‘ಸುದ್ದಿ ಮುಟ್ಟಿತು’ ಎಂದು ಸಮಾಧಾನದಿಂದ ಮನೆಗೆ ಮರಳಿದ್ದರು! ತಂದೆಯವರು ಗುಣಮುಖರಾದರು, ಆದರೆ ಅವರ ಕಾಯಿಲೆಯ ಸುದ್ದಿ ನಮಗೆ ತಿಳಿದದ್ದು ಎರಡು ವಾರಗಳ ಮೇಲೆ.

ಅತ್ತ ಊರಿನ ಅಂಕಿಗಳೂ ಸುಮ್ಮನಿರಲಿಲ್ಲ. ಅದೇ ದಶಕದಲ್ಲಿ ಬೆಂಗಳೂರಿನ 0812 ಹೋಗಿ 080 ಬಂದಿತು. ಹೀಗೆ ದಾರದ ಎರಡು ತುದಿಗಳಲ್ಲಿಯೂ ಹೊಸ ಗಂಟುಗಳನ್ನು ಹಾಕಬೇಕಾಯಿತು.

ಇಂದು ಮೊಬೈಲಿನಲ್ಲಿ ಹೆಸರನ್ನು ಮುಟ್ಟಿದರೆ ಸಾಕು. ನಮ್ಮ ಮಕ್ಕಳಿಗೆ ಅಜ್ಜಿಮನೆಯ ಸಂಖ್ಯೆ ಬಾಯಿಪಾಠವಿಲ್ಲ. ಆದ್ದರಿಂದ ನಮ್ಮದೊಂದು ವಿನಂತಿ: ನಿಮ್ಮ ಮನೆಯ ಹಳೆಯ ವಿಳಾಸ ಪುಸ್ತಕಗಳನ್ನು ದಯವಿಟ್ಟು ಎಸೆಯಬೇಡಿ. ಹೊಡೆದುಹಾಕಿ ಮತ್ತೆ ಬರೆದ ಆ ಸಂಖ್ಯೆಗಳಲ್ಲಿ ಈ ನಗರಗಳು ಬೆಳೆದ ಬಗೆಯೂ ಇದೆ, ನಾವು ಊರನ್ನು ಕೈಬಿಡದೆ ಹಿಡಿದುಕೊಂಡ ಬಗೆಯೂ ಇದೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಅವನ್ನು ಓದಿ ತೋರಿಸಿ.