ದಾನನಾ, ಬಾಕಿನಾ? ಲಕೋಟಾ ಜನರ ಕತೆ

1/7
ಮೊದಲೇ ಹೇಳಿಬಿಡ್ತೀನಿ, ಇದು ಅಂಚೆ ಲಕೋಟೆ ಬಗ್ಗೆ ಅಲ್ಲ 🙂 ಲಕೋಟಾ ಅಂದ್ರೆ ಉತ್ತರ ಅಮೆರಿಕದ ಮೂಲನಿವಾಸಿ ಜನ. ಸಿಟ್ಟಿಂಗ್ ಬುಲ್, ಕ್ರೇಜಿ ಹಾರ್ಸ್ ಹೆಸರು ಕೇಳಿರ್ತೀರಲ್ಲ, ಅವರ ಜನ. ಪೈನ್ ರಿಡ್ಜ್, ರೋಸ್‌ಬಡ್, ಶೆಯೆನ್ ರಿವರ್, ಸ್ಟ್ಯಾಂಡಿಂಗ್ ರಾಕ್ ಅನ್ನೋ ಅವರ ಮೀಸಲು ಪ್ರದೇಶಗಳು ಸೌತ್ ಡಕೋಟಾ ಮತ್ತು ನಾರ್ತ್ ಡಕೋಟಾ ರಾಜ್ಯಗಳಲ್ಲಿವೆ.

ಅಲ್ಲಿ ಚಳಿಗಾಲ ಅಂದ್ರೆ ಸೊನ್ನೆಗಿಂತ ಎಷ್ಟೋ ಕೆಳಗೆ. ಪ್ರತಿ ವರ್ಷ ಸ್ವಯಂಸೇವಕರು ಹಿರಿಯರ ಮನೆಗೆ ಸೌದೆ ಸೀಳಿ ತಂದು ಹಾಕ್ತಾರೆ. ಖಾಲಿಯಾದ ಗ್ಯಾಸ್ ಟ್ಯಾಂಕ್ ತುಂಬಿಸೋಕೆ ದುಡ್ಡು ಕೂಡಿಸ್ತಾರೆ. ನೆಲದ ಮೇಲೆ ಮಲಗೋ ಮಕ್ಕಳಿಗೆ ಮಂಚ ಮಾಡಿಕೊಡ್ತಾರೆ. ಗಾಳಿ ನುಗ್ಗೋ ಟ್ರೇಲರ್ ಮನೆಗಳ ಬುಡಕ್ಕೆ ಹಲಗೆ ಹೊಡೀತಾರೆ.

ಒಳ್ಳೆ ಕೆಲಸ, ಎರಡು ಮಾತಿಲ್ಲ. ಆದರೆ ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ ಒಬ್ಬ ಅಜ್ಜಿ ಸೌದೆಗಾಗಿ ಬೇರೆಯವರ ದಾರಿ ಕಾಯೋ ಹಾಗೆ ಆಗಿದ್ದು ಹೇಗೆ? ಆ ಪ್ರಶ್ನೆ ಹಿಡಿದು 150 ವರ್ಷ ಹಿಂದಕ್ಕೆ ಹೋಗೋಣ.

2/7
1868. ಫೋರ್ಟ್ ಲಾರಮಿ ಒಪ್ಪಂದ. ಒಂದು ಕಡೆ ಅಮೆರಿಕ ಸರ್ಕಾರ, ಇನ್ನೊಂದು ಕಡೆ ಲಕೋಟಾ ಮತ್ತು ಅವರ ಜೊತೆಗಿದ್ದ ಜನ. ಮಿಸೌರಿ ನದಿಯ ಪಶ್ಚಿಮಕ್ಕೆ ಈಗಿನ ಸೌತ್ ಡಕೋಟಾದ ಅರ್ಧ ಭಾಗ, ಪವಿತ್ರವಾದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳೂ ಸೇರಿ, ಅವರದ್ದೇ ಅಂತ ಬರೆದುಕೊಟ್ಟರು.

ಜೊತೆಗೆ ಇನ್ನೂ ಕೆಲವು ಮಾತು ಕೊಟ್ಟರು. ಮೀಸಲು ಪ್ರದೇಶದಲ್ಲಿ ನೆಲೆಸಿದ, ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ದಿನಕ್ಕೆ ಒಂದು ಪೌಂಡ್ ಮಾಂಸ, ಒಂದು ಪೌಂಡ್ ಹಿಟ್ಟು, 4 ವರ್ಷ. ಬಟ್ಟೆಬರೆ 30 ವರ್ಷ. ಒಬ್ಬ ವೈದ್ಯ. ಪ್ರತಿ 30 ಮಕ್ಕಳಿಗೆ ಒಬ್ಬ ಶಿಕ್ಷಕ.

ಇದನ್ನ ನೆನಪಿಟ್ಟುಕೊಳ್ಳಿ. ಇದು ಭಿಕ್ಷೆ ಅಲ್ಲ. ವಿಶಾಲ ಭೂಮಿಯ ಮೇಲಿನ ಹಕ್ಕು ಬಿಟ್ಟುಕೊಟ್ಟಿದ್ದಕ್ಕೆ ಬರಬೇಕಾಗಿದ್ದ ಬೆಲೆ. ಇನ್ನೊಂದು ಷರತ್ತೂ ಇತ್ತು: ಮುಂದೆ ಈ ನೆಲದಲ್ಲಿ ಒಂದು ತುಂಡು ಬಿಟ್ಟುಕೊಡಬೇಕಾದರೂ ವಯಸ್ಕ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಸಹಿ ಹಾಕಬೇಕು.

3/7
1874ರಲ್ಲಿ ಕಸ್ಟರ್ ಅನ್ನೋ ಸೇನಾಧಿಕಾರಿಯ ತಂಡ ಬ್ಲ್ಯಾಕ್ ಹಿಲ್ಸ್‌ಗೆ ಹೋಯಿತು. ಅಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹರಡಿತು. ಆಮೇಲೆ ಕೇಳ್ತೀರಾ?

1876ರ ಜೂನ್‌ನಲ್ಲಿ ಲಿಟಲ್ ಬಿಗ್‌ಹಾರ್ನ್ ಕಾಳಗದಲ್ಲಿ ಕಸ್ಟರ್ ಸತ್ತ. ಅದೇ ಆಗಸ್ಟ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿತು: ಬೆಟ್ಟ ಬಿಟ್ಟುಕೊಡೋವರೆಗೆ ಪಡಿತರಕ್ಕೆ ಹಣ ಇಲ್ಲ. ಬೇಟೆಗೆ ಕಾಡೆಮ್ಮೆಯ ಹಿಂಡುಗಳೂ ಕರಗುತ್ತಿದ್ದ ಕಾಲ ಅದು. 'ಮಾರು, ಇಲ್ಲವೇ ಉಪವಾಸ ಸಾಯಿ' ಅಂತಲೇ ಜನ ಆ ಕಾನೂನನ್ನ ಕರೆದರು.

ಬೇಕಾಗಿದ್ದದ್ದು ನಾಲ್ಕರಲ್ಲಿ ಮೂರು ಪಾಲು ಸಹಿ. ಸಿಕ್ಕಿದ್ದು ಸುಮಾರು ಹತ್ತರಲ್ಲಿ ಒಂದು ಪಾಲು. ಆದರೂ 1877ರಲ್ಲಿ ಬೆಟ್ಟ ಹೋಯಿತು.

ಅಂದರೆ ಒಂದು ಹಿಡಿ ಹಿಟ್ಟು ಅವರ ಹಕ್ಕಾಗಿದ್ದು, ಅವರನ್ನೇ ಬಗ್ಗಿಸೋ ಕೋಲಾಯಿತು. ಕೊಡೋ ಕೈ ಯಾವಾಗ ಬೇಕಾದ್ರೂ ಹಿಂದಕ್ಕೆ ಸರಿಯಬಹುದು ಅಂತ ಲಕೋಟಾ ಕುಟುಂಬಗಳು ಆಗಲೇ ಕಲಿತವು.

4/7
1889ರಲ್ಲಿ ಉಳಿದ ನೆಲವನ್ನೂ ತುಂಡು ತುಂಡು ಮಾಡಿದರು. ಪಡಿತರದ ಮಾಂಸ ಮತ್ತೆ ಕಡಿತ. ಮರು ವರ್ಷ, 1890ರ ಡಿಸೆಂಬರ್ 29ರಂದು, ಪೈನ್ ರಿಡ್ಜ್‌ನ ವೂಂಡೆಡ್ ನೀ ಹೊಳೆಯ ಬಳಿ ಸೈನ್ಯ ಗುಂಡು ಹಾರಿಸಿತು. ಸತ್ತವರು 250ಕ್ಕೂ ಹೆಚ್ಚು. ಅವರಲ್ಲಿ ಬಹಳಷ್ಟು ಹೆಂಗಸರು, ಮಕ್ಕಳು.

ಗಾಯಗೊಂಡವರನ್ನ ಹತ್ತಿರದ ಚರ್ಚ್‌ಗೆ ತಂದರು. ಬೆಂಚುಗಳನ್ನ ಹೊರಗೆ ಹಾಕಿ ನೆಲಕ್ಕೆ ಹುಲ್ಲು ಹಾಸಿದರು. ಕ್ರಿಸ್‌ಮಸ್ ಅಲಂಕಾರ ಇನ್ನೂ ತೆಗೆದಿರಲಿಲ್ಲ. ಅಲ್ಲಿ ಶುಶ್ರೂಷೆ ಮಾಡಿದ ವೈದ್ಯ ಚಾರ್ಲ್ಸ್ ಈಸ್ಟ್‌ಮನ್, ಸ್ವತಃ ಡಕೋಟಾ ಮನುಷ್ಯ. ಡಕೋಟಾ ಹೆಸರು ಒಹಿಯೇಸಾ. ಅದೇ ವರ್ಷ ಬಾಸ್ಟನ್‌ನಲ್ಲಿ ವೈದ್ಯಕೀಯ ಮುಗಿಸಿ ಬಂದಿದ್ದರು. ಹಿಮಗಾಳಿ ನಿಂತ ಮೇಲೆ, 1891ರ ಜನವರಿ 1ರಂದು, ಬದುಕುಳಿದವರನ್ನ ಹುಡುಕೋಕೆ ಹೋದ ತಂಡದಲ್ಲಿ ಅವರೂ ಇದ್ದರು. ಆ ತಂಡದಲ್ಲಿದ್ದವರಲ್ಲಿ ಹೆಚ್ಚಿನವರು ಮೂಲನಿವಾಸಿಗಳೇ.

ಲಕೋಟಾ ನೆಲದ ಸ್ವಯಂಸೇವೆಯ ಚರಿತ್ರೆ ಬರೆದರೆ ಈ ಜನರಿಂದಲೇ ಶುರು ಮಾಡಬೇಕು. ಹೊರಗಿನಿಂದ ಬಂದ ನಮ್ಮಂಥವರಿಂದ ಅಲ್ಲ.

5/7
ಅದೇ ಹಿಮದಲ್ಲಿ, ಸತ್ತ ತಾಯಿಯ ಅಡಿಯಲ್ಲಿ, ಒಂದು ಹೆಣ್ಣುಕೂಸು ಜೀವಂತ ಸಿಕ್ಕಿತು. ಅದನ್ನ ಒಬ್ಬ ಸೇನಾಧಿಕಾರಿ ದತ್ತು ಅಂತ ತಗೊಂಡು ಹೋದ. ಆಕೆಯ ಹೆಸರು ಜಿಂಟ್ಕಾಲಾ ನುನಿ, ಅಂದರೆ ದಾರಿ ತಪ್ಪಿದ ಹಕ್ಕಿ. ಕಷ್ಟದ ಬದುಕು ಬದುಕಿ 1920ರಲ್ಲಿ ತೀರಿಕೊಂಡಳು. ಕ್ಯಾಲಿಫೋರ್ನಿಯಾದಲ್ಲಿದ್ದ ಆಕೆಯ ಅವಶೇಷ 1991ರಲ್ಲಿ ವೂಂಡೆಡ್ ನೀಗೆ ಮರಳಿತು.

ಮಕ್ಕಳನ್ನ 'ಉದ್ಧಾರ' ಮಾಡೋ ಹೆಸರಲ್ಲಿ ಶಾಲೆಗಳೂ ಬಂದವು. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಶುರುವಾದ ವಸತಿ ಶಾಲೆಯ ಮೊದಲ ಮಕ್ಕಳು ರೋಸ್‌ಬಡ್, ಪೈನ್ ರಿಡ್ಜ್‌ನವರೇ. ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ಮನೆಮಾತು ಆಡಬಾರದು ಅಂದರು. ಎಷ್ಟೋ ಮಕ್ಕಳು ಅಲ್ಲೇ ಸತ್ತರು.

2015ರಲ್ಲಿ ರೋಸ್‌ಬಡ್‌ನ ಹುಡುಗ ಹುಡುಗಿಯರು, ನಮ್ಮದೇ ವಯಸ್ಸಿನವರು, ವಾಷಿಂಗ್ಟನ್‌ನಿಂದ ವಾಪಸ್ ಬರೋವಾಗ ಕಾರ್ಲೈಲ್‌ನಲ್ಲಿ ಇಳಿದು ಆ ಸಮಾಧಿಗಳನ್ನ ನೋಡಿದರು. ಇವರನ್ನ ಮನೆಗೆ ಯಾಕೆ ಕರ್ಕೊಂಡು ಹೋಗಬಾರದು ಅಂತ ಕೇಳಿದರು. ಕೇಳಿ ಸುಮ್ಮನಾಗಲಿಲ್ಲ. ಆರು ವರ್ಷ ಬೆನ್ನು ಹತ್ತಿದರು. 2021ರ ಜುಲೈನಲ್ಲಿ 9 ಮಕ್ಕಳ ಅವಶೇಷ ರೋಸ್‌ಬಡ್‌ಗೆ ಬಂತು.

6/7
ಈಗ ನನಗೆ ಅತಿ ವಿಚಿತ್ರ ಅನ್ನಿಸಿದ ಸಂಗತಿ. ಲಕೋಟಾ ಜನರಲ್ಲಿ ಔದಾರ್ಯ ದೊಡ್ಡ ಗುಣ. ಮನೆಯಲ್ಲಿ ಸಾವಾಗಲಿ, ಗೌರವ ಸಿಗಲಿ, ಆ ಮನೆಯವರೇ ಊರಿಗೆ ಕಂಬಳಿ, ಕುದುರೆ, ಊಟ ಹಂಚೋ ಪದ್ಧತಿ ಇದೆ. ಹೆಚ್ಚು ಇಟ್ಟುಕೊಂಡವನಲ್ಲ, ಹೆಚ್ಚು ಕೊಟ್ಟವನೇ ದೊಡ್ಡವನು.

1921ರಲ್ಲಿ ಅಮೆರಿಕದ ಇಂಡಿಯನ್ ವ್ಯವಹಾರಗಳ ಕಚೇರಿ ಒಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ, ಆಸ್ತಿಯನ್ನ ಹೀಗೆ 'ವಿವೇಚನೆ ಇಲ್ಲದೆ' ಹಂಚೋದೂ ಶಿಕ್ಷೆಗೆ ಅರ್ಹ. ಅಂದರೆ ತಗೊಳ್ಳೋ ಸಾಲಲ್ಲಿ ಅವರು ನಿಂತಿರಬೇಕು, ಕೊಡೋ ಜಾಗದಲ್ಲಿ ನಿಲ್ಲಬಾರದು!

ಆ ಪದ್ಧತಿ ಸತ್ತಿಲ್ಲ. ಪೈನ್ ರಿಡ್ಜ್‌ನ ಬಿಲ್ಲಿ ಮಿಲ್ಸ್ 12ನೇ ವಯಸ್ಸಿಗೆ ಅನಾಥರಾದವರು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟದ ಚಿನ್ನ ಗೆದ್ದರು. 1986ರಲ್ಲಿ ಅವರು ಜೊತೆಗೂಡಿ ಕಟ್ಟಿದ 'ರನ್ನಿಂಗ್ ಸ್ಟ್ರಾಂಗ್' ಸಂಸ್ಥೆ ಮಕ್ಕಳಿಗೆ ಕೋಟು, ಮನೆಗಳಿಗೆ ಊಟ, ಕುಡಿಯೋ ನೀರು ಒದಗಿಸ್ತದೆ. ಇದನ್ನ ಅವರು ದಾನ ಅನ್ನಲ್ಲ. ಗೆದ್ದವನು ತನ್ನ ಜನಕ್ಕೆ ಹಂಚೋ ಆ ಹಳೇ ಪದ್ಧತಿಯ ಮುಂದುವರಿಕೆ ಅಂತಾರೆ.

7/7
1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿತು: ಬ್ಲ್ಯಾಕ್ ಹಿಲ್ಸ್ ತಗೊಂಡಿದ್ದಕ್ಕೆ ಸರ್ಕಾರ ಪರಿಹಾರ ಕೊಡಲೇಬೇಕು. ಬಡ್ಡಿ ಸೇರಿ 10 ಕೋಟಿ ಡಾಲರ್‌ಗೂ ಹೆಚ್ಚು. ಲಕೋಟಾ ಜನ ಆ ಹಣ ಮುಟ್ಟಲಿಲ್ಲ. ಬೆಟ್ಟ ಮಾರಾಟಕ್ಕಿಲ್ಲ ಅಂದರು. ಆ ಮೊತ್ತ ಬೆಳೆದು ಈಗ 100 ಕೋಟಿ ಡಾಲರ್ ದಾಟಿದೆ. ಸೌದೆಗೆ ಕಷ್ಟ ಇರೋ ಜನ ಹೀಗೆ ಹೇಳ್ತಾರೆ ಅಂದ್ರೆ, ಅವರನ್ನ 'ಪಾಪ' ಅನ್ನೋಕೆ ನಾವ್ಯಾರು?

ಹಾಗಾದ್ರೆ ಸಹಾಯ ಮಾಡಬಾರದಾ? ಖಂಡಿತ ಮಾಡಬೇಕು. ಚಳಿ ಕೋರ್ಟಿನ ತೀರ್ಪಿಗೆ ಕಾಯಲ್ಲ. ಅಜ್ಜಿಗೆ ಸೌದೆ ಇವತ್ತು ರಾತ್ರಿಗೇ ಬೇಕು. ಆದರೆ ಏನು ಬೇಕು ಅಂತ ಮೊದಲು ಆ ಅಜ್ಜಿಯನ್ನ ಕೇಳಬೇಕು. ಅಲ್ಲಿನವರು ಮುಂದೆ, ನಾವು ಅವರ ಹಿಂದೆ ಇರಬೇಕು. ಮಗುವಿನ ಕಣ್ಣೀರು ಫೋಟೋ ಹಾಕಿ ಲೈಕ್ ಎಣಿಸಬಾರದು. ಸೌತ್ ಡಕೋಟಾದ ಒಂದು ಶಾಲೆ ಕಳಿಸಿದ ದೇಣಿಗೆ ಪತ್ರದಲ್ಲಿ ನೊಂದ ಮಗುವಿನ ಕತೆ ಇತ್ತು, ಆದರೆ ಅಂಥ ಮಗುವೇ ಇರಲಿಲ್ಲ ಅಂತ 2014ರಲ್ಲಿ ಸುದ್ದಿಯಾಗಿತ್ತು. ನೋಡಿ, ಕೊನೆಗೂ ಲಕೋಟೆ ಬಂತು.

ಹೊತ್ತು ತಂದ ಸೌದೆ ದಾನ ಇರಬಹುದು. ಅದು ಇಲ್ಲದ ಹಾಗೆ ಆಗಿದ್ದರ ಹಿಂದೆ ತೀರದ ಬಾಕಿ ಇದೆ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡು ಕೈ ಚಾಚೋಣ.

ಇದು ಓದಿ ಏನನ್ನಿಸ್ತು, ಕೆಳಗೆ ಬರೀರಿ. ಸೇವ್ ಮಾಡ್ಕೊಳ್ಳಿ, ಕ್ಲಾಸ್ ಗ್ರೂಪ್‌ಗೂ ಕಳಿಸಿ 🙏

#ಇತಿಹಾಸ #ಲಕೋಟಾ #ಪೈನ್‌ರಿಡ್ಜ್ #ಕನ್ನಡದಲ್ಲಿಇತಿಹಾಸ